ಮೊದಲ ತುತ್ತಿನ ಹಲ್ಲು

ನಮ್ಮ ಯಜಮಾನರ ಹಲ್ಲುನೋವನ್ನು ಭಕ್ತಿ ಎಂದು ತಿಳಿದು ಐದಾರು ಊರಿನ ಜನ ಬಸ್ಸು ಹತ್ತಿ ಬಂದರು. ಐವತ್ತೊಂಬತ್ತನೇ ಇಸವಿಯ ಮಾತು. ಈಗ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ನನಗೆ ಆಗ ನಗು ಬರಲಿಲ್ಲ, ಏಕೆಂದರೆ ಆ ಹಲ್ಲು ಬಿರುಕು ಬಿಡಲು ಕಾರಣ ನಾನೇ.

ಬೇಲೂರಿನಿಂದ ಹಳೇಬೀಡಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಅಗ್ರಹಾರ. ಹದಿನಾಲ್ಕು ಮನೆ, ಒಂದು ವರದರಾಜಸ್ವಾಮಿಯ ಗುಡಿ. ಆ ಎರಡು ಊರಿನ ಶಿಲ್ಪ ನೋಡಲು ಬರುವವರು ಯಾರೂ ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಮ್ಮ ಗುಡಿಯ ಗೋಡೆಯ ಮೇಲೆ ಒಂದು ಆನೆಯೂ ಇಲ್ಲ, ಕನ್ನಡಿ ಹಿಡಿದ ಹೆಂಗಸೂ ಇಲ್ಲ. ಹೇಳಿಕೊಳ್ಳುವುದಕ್ಕೆ ಇದ್ದುದು ಪುಳಿಯೋಗರೆ ಒಂದೇ.

ಅದನ್ನು ಮಾಡುತ್ತಿದ್ದವರು ನಮ್ಮ ಯಜಮಾನರು, ಯೋಗನರಸಿಂಹ. ಗಂಡನ ಹೆಸರು ಹೇಳಬಾರದಂತೆ. ಹೇಳದಿದ್ದರೆ ಕಥೆ ಯಾರದು ಅಂತ ಹೇಗೆ ಗೊತ್ತಾಗಬೇಕು? ಅಡುಗೆಗೆ ಅಕ್ಕಿ ಆರಿಸಿ ಕೊಡುತ್ತಿದ್ದವಳು ನಾನು, ವೇದವಲ್ಲಿ. ಮದುವೆಯಾಗಿ ಬಂದ ಮೂರನೇ ದಿನ ಅತ್ತೆ ನನ್ನ ಮುಂದೆ ಮೊರ ಇಟ್ಟು, "ಇದು ದೇವರ ಅಕ್ಕಿ, ಇನ್ಮೇಲೆ ಇದು ನಿಂದು" ಅಂದಿದ್ದರು. ಹೆಂಗಸರು ದೇವರ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಪೂಜೆ, ಪಾರಾಯಣ, ತೀರ್ಥ, ಮರ್ಯಾದೆ, ಮರ್ಯಾದೆಗಾಗಿ ಜಗಳ, ಎಲ್ಲವೂ ಗಂಡಸರದು. ಆ ಗುಡಿಯಲ್ಲಿ ನನ್ನ ಕೈ ಸೋಕಿದ್ದು ಅಂದರೆ ಆ ಮೊರದಲ್ಲಿದ್ದ ಅಕ್ಕಿ ಮಾತ್ರ. ಇಪ್ಪತ್ತೇಳು ವರ್ಷ ಆರಿಸಿದೆ. ಹೊರಗೆ ಕೂರುವ ದಿನಗಳಿಗೂ ಮುಂಚಿತವಾಗಿ ಆರಿಸಿ ಡಬ್ಬಿಗೆ ತುಂಬಿಡುತ್ತಿದ್ದೆ.

ದೇವರಿಗೆ ಮಾಡಿದ್ದನ್ನು ನೈವೇದ್ಯಕ್ಕೆ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಅದಕ್ಕೇ ನಮ್ಮಲ್ಲೊಂದು ಪದ್ಧತಿ ಇತ್ತು. ನೈವೇದ್ಯವಾದ ಮೇಲೆ ಅಡುಗೆ ಮಾಡಿದವರು ಮಂಟಪದಲ್ಲಿ ಎಲ್ಲರೆದುರು ನಿಂತು ಮೊದಲ ತುತ್ತು ತಿನ್ನಬೇಕು. ಚೆನ್ನಾಗಿ ಅಗಿದು, ನುಂಗಿ, "ಸ್ವಾಮಿ ಒಪ್ಪಿದ್ದಾನೆ" ಅನ್ನಬೇಕು. ಆಮೇಲೆ ಉಳಿದವರಿಗೆ ಪ್ರಸಾದ. ಆ ತುತ್ತಿನಲ್ಲಿ ಕಲ್ಲು ಸಿಕ್ಕರೆ ಅಡುಗೆಯ ಸೇವೆ ಆ ಮನೆಯಿಂದ ಬಿಟ್ಟು ದಾಯಾದಿಯ ಮನೆಗೆ ಹೋಗುತ್ತದೆ. ಅಕ್ಕಿ ಆರಿಸಿದ ಹೆಂಗಸು ಮತ್ತೆಂದೂ ದೇವರ ಮೊರ ಮುಟ್ಟುವಂತಿಲ್ಲ. ದಾಯಾದಿ ಅಂದರೆ ನಮ್ಮವರ ಚಿಕ್ಕಪ್ಪನ ಮಗ ಗೋಪಾಲಸ್ವಾಮಿ. ಪ್ರಸಾದದ ಸಾಲಿನಲ್ಲಿ ದಿನವೂ ಮೊದಲು ನಿಂತು, ನಮ್ಮವರ ದವಡೆಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವನ ಭಕ್ತಿಯೆಲ್ಲ ಆ ದವಡೆಯ ಮೇಲೆ.

ಒಂದು ಶನಿವಾರ ಮೊದಲ ತುತ್ತು ಬಾಯಿಗೆ ಹೋಯಿತು. 'ಕಟ್' ಅಂತ ಸದ್ದಾಯಿತು. ಕಂಬದ ಹಿಂದೆ ನಿಂತಿದ್ದ ನನಗೂ ಕೇಳಿಸಿತು. ನಮ್ಮವರ ದವಡೆ ಒಂದು ಕ್ಷಣ ನಿಂತಿತು. ಆಮೇಲೆ ಗಂಟಲು ಮೇಲೆ ಕೆಳಗೆ ಆಡಿತು.

"ಸ್ವಾಮಿ ಒಪ್ಪಿದ್ದಾನೆ" ಅಂದರು.

"ಏನೋ ಕಟ್ ಅಂತಲ್ಲ ಅಣ್ಣಾ?" ಅಂದ ಗೋಪಾಲಸ್ವಾಮಿ.

"ಒಗ್ಗರಣೆ ಕಡಲೇಬೇಳೆ ಕಣೋ. ಇವತ್ತು ಸ್ವಲ್ಪ ಗಟ್ಟಿ."

ಮನೆಗೆ ಬಂದು ಬಾಗಿಲು ಮುಂದೆ ಮಾಡಿ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಕಲ್ಲಿತ್ತು ಕಣೇ."

"ಎಲ್ಲಿದೇರೀ ಅದು?"

"ಹೊಟ್ಟೇಲಿದೆ. ಇನ್ನೆಲ್ಲಿ ಇಟ್ಕೊಳ್ಲಿ?"

ಆರು ತಿಂಗಳಿಂದ ನನಗೆ ಹತ್ತಿರದ್ದು ಮಂಜಾಗಿ ಕಾಣುತ್ತಿತ್ತು. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದೆ. ಇವರಿಗೆ ಹೇಳಿರಲಿಲ್ಲ. ಹೇಳಿದರೆ ಮೊರ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ. ಅವತ್ತು ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೆನ್ನೆ ಹಿಡಿದುಕೊಂಡು, "ಬಿಸಿಲಲ್ಲಿ ಕೂತು ಆರ್ಸು. ಯಾರ್ಗೂ ಹೇಳ್ಬೇಡ" ಅಂದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಒಂದೇಟಿಗೆ ಮುಗಿದುಹೋಗುತ್ತಿತ್ತು.

ಮೊದಲ ನಾಲ್ಕು ದಿನ ತಣ್ಣೀರು ಕುಡಿದರೆ ಚುಳ್ಳೆನ್ನುತ್ತಿತ್ತು. ಆಮೇಲೆ ಕಾಫಿ ಕುಡಿದರೆ. ಹತ್ತನೇ ದಿನದ ಹೊತ್ತಿಗೆ ಏನೂ ಬೇಕಿರಲಿಲ್ಲ, ಹಲ್ಲು ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು. ಲವಂಗದ ಎಣ್ಣೆ ಇಟ್ಟೆ. ಉಪ್ಪುನೀರು ಮುಕ್ಕಳಿಸಿದರು. ಹಲ್ಲಿನಲ್ಲಿ ಹುಳು ಇದೆ, ಹೊಗೆ ಹಾಕಿದರೆ ಉದುರುತ್ತದೆ ಅಂತ ಯಾರೋ ಹೇಳಿದ್ದು ನೆನಪಾಗಿ, ಗುಳ್ಳದ ಬೀಜ ಕೆಂಡಕ್ಕೆ ಹಾಕಿ ಬಾಯಿಗೆ ಹೊಗೆ ಕೊಟ್ಟೆ. ಹುಳು ಬೀಳಲಿಲ್ಲ. ಇವರು ಮಧ್ಯಾಹ್ನವೆಲ್ಲ ಕೆಮ್ಮಿದರು. ಇಷ್ಟರಲ್ಲೂ ಮೊದಲ ತುತ್ತು ತಪ್ಪಿಸುವ ಹಾಗಿರಲಿಲ್ಲ. ಹಲ್ಲು ನೋವು ಅಂತ ಬಾಯಿ ಬಿಟ್ಟರೆ ಗೋಪಾಲಸ್ವಾಮಿ ಆ 'ಕಟ್' ಅನ್ನು ತಕ್ಷಣ ಎಳೆದು ತರುತ್ತಿದ್ದ.

ಹನ್ನೊಂದನೇ ದಿನ ತುತ್ತು ಅಗಿಯುವಾಗ ಇವರ ಕಣ್ಣಿಂದ ನೀರು ದಳದಳನೆ ಇಳಿಯಿತು. ಮಂಟಪದಲ್ಲಿ ಬಸ್ತಿಹಳ್ಳಿಯ ಜವರಣ್ಣ ನಿಂತಿದ್ದ. ಹಸು ಕರು ಹಾಕಿದ ಹರಕೆ ತೀರಿಸಲು ಬಂದ ರೈತ. ಅವನು ಕೈ ಮುಗಿದು ಗೊಳೋ ಅಂದ.

"ನೋಡ್ರಪ್ಪೋ! ಪರ್ಸಾದ ಬಾಯ್ಗಿಟ್ ತಕ್ಷಣ ಅಯ್ನೋರ್ ಕಣ್ಣಲ್ಲಿ ಹೆಂಗ್ ನೀರ್ ಬತ್ತೈತೆ! ಸ್ವಾಮಿ ಒಳಗೇ ಬಂದವ್ನೆ ಕಣ್ರಪ್ಪೋ!"

ಸ್ವಾಮಿ ಅಲ್ಲ ಕಣಪ್ಪ, ದವಡೆ ಹಲ್ಲು, ಅಂತ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ಮರುದಿನ ಬಸ್ತಿಹಳ್ಳಿಯಿಂದ ಇಪ್ಪತ್ತು ಜನ. ಆ ವಾರ ಮುಗಿಯುವುದರೊಳಗೆ ಹಳೇಬೀಡು, ಬೇಲೂರಿನಿಂದ. ಅರೇಹಳ್ಳಿ ಕಡೆಯ ಕಾಫಿ ತೋಟದವರು ಜೀಪಿನಲ್ಲಿ ಬಂದರು. ನಮ್ಮ ಕ್ರಾಸಿನಲ್ಲಿ ಕೈ ತೋರಿಸಿದರೂ ನಿಲ್ಲಿಸದ ಬಸ್ಸಿನ ಕಂಡಕ್ಟರು "ಅಳೋ ಅಯ್ನೋರ ಗುಡಿ ಯಾರ್ರೀ, ಇಳೀರಿ" ಅಂತ ಕೂಗತೊಡಗಿದ. ಗುಡಿಯ ಧರ್ಮದರ್ಶಿ ಭಾಷ್ಯಂ ಅಂತ, ನಿವೃತ್ತ ಹೆಡ್‌ಮಾಸ್ಟರು. ಅವರು ಬಿದಿರಿನ ಗಳು ಕಟ್ಟಿಸಿ ಗಂಡಸರಿಗೊಂದು ಹೆಂಗಸರಿಗೊಂದು ಸಾಲು ಮಾಡಿದರು. 'ಆನಂದಬಾಷ್ಪದ ವೇಳೆ ಬೆಳಿಗ್ಗೆ ಹತ್ತೂವರೆ, ದಯವಿಟ್ಟು ತಳ್ಳಬಾರದು' ಅಂತ ಬೋರ್ಡು ಬರೆದು ಹಾಕಿದರು. ಅಕ್ಷರ ಮುತ್ತಿನಂತಿತ್ತು, ಒಪ್ಪಿಕೊಳ್ಳಬೇಕು.

ಗೋಪಾಲಸ್ವಾಮಿಯ ಹೊಟ್ಟೆ ಉರಿದುಹೋಯಿತು. ತಾನೂ ಪ್ರಸಾದ ಬಾಯಿಗಿಟ್ಟು ಅಳಲು ನೋಡಿದ. ಮುಖವನ್ನು ಒಣಗಿದ ಹುಣಸೆಹಣ್ಣಿನ ಹಾಗೆ ಹಿಂಡಿದ. ಒಂದು ಹನಿ ಬರಲಿಲ್ಲ. ಒಂದು ದಿನ ಬೆರಳಿಗೆ ಮೆಣಸಿನಪುಡಿ ಹಚ್ಚಿಕೊಂಡು ಬಂದು ಕಣ್ಣು ಉಜ್ಜಿಕೊಂಡ. ನೀರೇನೋ ಬಂತು, ಜೊತೆಗೆ ಕಿರುಚಾಟವೂ ಬಂತು. ಜವರಣ್ಣ ಅವನನ್ನು ಬಾವಿಯ ಹತ್ತಿರ ಎಳೆದುಕೊಂಡು ಹೋಗಿ ಮುಖಕ್ಕೆ ನೀರು ಹೊಯ್ದ.

ಜನ ಹೆಚ್ಚಾದಷ್ಟೂ ಅಡುಗೆ ಹೆಚ್ಚಾಯಿತು. ಇವರು ಅರ್ಧಕ್ಕೆ ಇಳಿದರು. ಗಂಜಿ ಬಿಟ್ಟರೆ ಏನೂ ಸೇರುತ್ತಿರಲಿಲ್ಲ. ನಾನು ದಿನವೂ ಬಿಸಿಲಲ್ಲಿ ಕೂತು ಮೂರು ಸಲ ಆರಿಸುತ್ತಿದ್ದೆ, ಒಂದು ಸಲ ಕಣ್ಣಲ್ಲಿ, ಎರಡು ಸಲ ಬೆರಳಲ್ಲಿ. ಆದರೆ ಆಗಿದ್ದು ಆಗಿಹೋಗಿತ್ತು. ಕೊನೆಗೆ ಒಂದು ದಿನ ಪೂಜೆ ಮುಗಿದ ಮೇಲೆ, ಹುಣಸೆಹಣ್ಣು ತರಬೇಕು ಅಂತ ಊರಿಗೆಲ್ಲ ಕೇಳುವ ಹಾಗೆ ಹೇಳಿ, ಇವರನ್ನು ಅರಸೀಕೆರೆಯ ಬಸ್ಸು ಹತ್ತಿಸಿದೆ. ಜಾವಗಲ್ಲು, ಬಾಣಾವರ ದಾಟುವವರೆಗೂ ಪ್ರತಿ ಗುಂಡಿಗೂ "ಅಯ್ಯೋ ವರದರಾಜ" ಅಂದರು. ಮುಂದಿನ ಸೀಟಿನ ಮುದುಕಿ ಎದ್ದು ಕೈ ಮುಗಿದಳು.

ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ಷಡಕ್ಷರಪ್ಪ ಅನ್ನುವ ಹಲ್ಲಿನ ಡಾಕ್ಟರು. ಬೊಂಬಾಯಿಯಲ್ಲಿ ಓದಿ ಬಂದವರು. ಒಂದು ಕಡ್ಡಿಯಿಂದ ಹಲ್ಲನ್ನು ತಟ್ಟಿದರು. ಇವರು ಕುರ್ಚಿಯಿಂದ ಮೇಲಕ್ಕೆ ಹಾರಿದರು.

"ಹುಳು ಕಾಣ್ತಾ ಡಾಕ್ಟ್ರೇ?" ಅಂದೆ.

"ಹುಳು ಗಿಳು ಏನೂ ಇಲ್ಲ ತಾಯಿ. ಹಲ್ಲು ಬಿರುಕು ಬಿಟ್ಟಿದೆ. ಬಿರುಕಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕ್ರಿಮಿ ನಾಲ್ಕು ಒಳಗೆ ಹೋಗಿವೆ. ಅದು ದೊಡ್ಡ ವಿಷಯ ಅಲ್ಲ. ಆದ್ರೆ ನಮ್ಮ ರಕ್ತದಲ್ಲಿ ಕಾವಲಿನ ಕಣಗಳು ಅಂತಿವೆ. ಕಳ್ಳ ಬಂದ ಅಂತ ಗೊತ್ತಾದ ತಕ್ಷಣ ಅವು ದಂಡೆತ್ತಿ ಬರ್ತವೆ. ಕಾಲಿಗೆ ಮುಳ್ಳು ಚುಚ್ಚಿದ್ರೂ ಬರ್ತವೆ. ಅಲ್ಲಿ ಮಾಂಸ ಊದಿಕೊಂಡು ಅವಕ್ಕೆ ಜಾಗ ಕೊಡುತ್ತೆ. ಹಲ್ಲು ಊದುತ್ತಾ? ಸುತ್ತ ಕಲ್ಲಿನಂಥ ಗೋಡೆ. ಒಳಗಿರೋದು ಅಕ್ಕಿ ಕಾಳಿನಷ್ಟು ಜಾಗ. ಅದರೊಳಗೆ ಒಂದು ಬಡಪಾಯಿ ನರ. ಬಂದವರೆಲ್ಲ ಒಳಗೇ ನುಗ್ಗಿ, ಅದನ್ನ ಗೋಡೆಗೆ ಒತ್ತಿ ಸಾಯಿಸ್ತಿದಾರೆ."

ಇವರು ಕೆನ್ನೆ ಹಿಡಿದುಕೊಂಡೇ ಯೋಚಿಸಿದರು. "ಅಂದ್ರೆ ಕಳ್ಳರಿಗಿಂತ ಕಾವಲಿನವರಿಂದ್ಲೇ ನೋವು?"

"ಬಹುಪಾಲು."

"ಅವರನ್ನ ಕರೆದೋರು ಯಾರು?"

"ಯಾರೂ ಕರೀಬೇಕಾಗಿಲ್ಲ ಸ್ವಾಮಿ. ನಿಮ್ಮನ್ನ ಉಳಿಸೋಕೇ ಬಂದಿರೋದು. ಜಾಗ ಇಲ್ಲ ಅನ್ನೋದು ಅವಕ್ಕೆ ತಿಳಿಯೋದಿಲ್ಲ ಅಷ್ಟೆ. ಕಿತ್ತು ಹಾಕಿಬಿಡೋಣ, ಐದು ನಿಮಿಷದ ಕೆಲಸ."

ಇವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ದೇವರ ಅಡುಗೆ ಮಾಡುವವರು ಬೇಕೆಂದೇ ಹಲ್ಲು ಕೀಳಿಸಿಕೊಂಡರೆ ಅಂಗಭಂಗ, ಸೇವೆಗೆ ದೋಷ. ತಾನಾಗಿ ಬಿದ್ದರೆ ದೋಷವಿಲ್ಲ. ಡಾಕ್ಟರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಅವರಿಗೇ ತಲೆನೋವು ಬಂದಿರಬೇಕು.

"ಸರಿ, ತೂತು ಮಾಡ್ತೀನಿ. ಅದಕ್ಕೂ ಏನಾದ್ರೂ ಶಾಸ್ತ್ರ ಇದೆಯಾ?"

ತೂತಿಗೆ ಶಾಸ್ತ್ರ ಇರಲಿಲ್ಲ. ಡಾಕ್ಟರು ಹೊಲಿಗೆ ಮಿಷನ್ನಿನ ಹಾಗೆ ಕಾಲಿನಿಂದ ತುಳಿಯುತ್ತ ಹಲ್ಲು ಕೊರೆದರು. ಇವರು ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಎರಡು ಒಡೆದವು. ಸ್ವಲ್ಪ ಕೀವು, ಸ್ವಲ್ಪ ರಕ್ತ ಬಂತು. ಆಮೇಲೆ ಇವರ ಮುಖದ ಗಂಟು ಸಡಿಲವಾಯಿತು. ಸುಮಾರು ಒಂದು ತಿಂಗಳ ಮೇಲೆ ನನ್ನ ಗಂಡನ ಮುಖವನ್ನು ನೋಡಿದೆ.

"ಮುಂದಿನ ವಾರ ಬನ್ನಿ, ಒಳಗೆ ಪೂರ್ತಿ ಶುಚಿ ಮಾಡಿ ಮುಚ್ತೀನಿ. ಅಲ್ಲೀವರೆಗೆ ಹತ್ತಿ ಸಡಿಲವಾಗಿರ್ಲಿ. ನೀವಾಗಿ ಬಿಗಿಯಾಗಿ ಮುಚ್ಚಿದ್ರೋ, ಒಳಗೆ ಮತ್ತೆ ಅದೇ ದಂಡು, ಮುಖವೆಲ್ಲ ಊದುತ್ತೆ" ಅಂದರು ಡಾಕ್ಟರು.

ಮರುದಿನ ಇವರು ನಗುನಗುತ್ತಾ ಮೊದಲ ತುತ್ತು ತಿಂದರು. ಗಳುವಿನ ಆಚೆ ಇನ್ನೂರು ಜನ ಕಾದರು. ಕಣ್ಣೀರು ಬರಲಿಲ್ಲ. ಇವರು "ಸ್ವಾಮಿ ಒಪ್ಪಿದ್ದಾನೆ" ಅಂದರು. ಜನ ಒಪ್ಪಲಿಲ್ಲ. ಅರೇಹಳ್ಳಿಯವರು ಪ್ರಸಾದ ತೆಗೆದುಕೊಳ್ಳದೆ ಜೀಪು ತಿರುಗಿಸಿದರು. ಇನ್ನೂ ಎರಡು ದಿನ ಹೀಗೇ ಆಯಿತು. ಮೂರನೇ ದಿನ ಭಾಷ್ಯಂ ಅಗ್ರಹಾರದ ಸಭೆ ಕರೆದರು.

ಗೋಪಾಲಸ್ವಾಮಿ ಎದ್ದು ನಿಂತ. "ಇಷ್ಟು ದಿನ ಅತ್ತೋರು ಈಗ್ಯಾಕೆ ಅಳಲ್ಲ? ಅಡುಗೇಲಿ ಏನೋ ದೋಷ ಇದೆ. ಸ್ವಾಮಿ ಮುನಿಸ್ಕೊಂಡಿದ್ದಾನೆ."

ಕಲ್ಲಿದ್ದಾಗ ಸ್ವಾಮಿ ಒಪ್ಪಿದ್ದನಂತೆ. ಒಂದೂ ಕಲ್ಲಿಲ್ಲದ ಅಕ್ಕಿ ಬೆಂದಾಗ ಮುನಿದನಂತೆ. ಆ ಸಭೆಯಲ್ಲಿ ವೇದ ಓದಿದವರಿದ್ದರು, ಬಿ.ಎ. ಓದಿದವರಿದ್ದರು. ಒಬ್ಬರಿಗೂ ಇದು ತಲೆಕೆಟ್ಟ ಮಾತು ಅನ್ನಿಸಲಿಲ್ಲ. ಬರುವ ಶನಿವಾರ ಕಣ್ಣೀರು ಬಂದರೆ ಸೇವೆ ಯೋಗನರಸಿಂಹನಿಗೆ, ಬಾರದಿದ್ದರೆ ಗೋಪಾಲಸ್ವಾಮಿಗೆ ಅಂತ ಭಾಷ್ಯಂ ತೀರ್ಪು ಬರೆದು ಓದಿದರು.

ಗುರುವಾರ ಮಧ್ಯಾಹ್ನ ನಾನು ಹಿತ್ತಿಲಿಂದ ಒಳಗೆ ಬಂದಾಗ ಇವರು ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದು, ಮೇಣದ ಬತ್ತಿಯ ಚೂರನ್ನು ಮೆತ್ತಗೆ ಮಾಡಿ ಹಲ್ಲಿನ ತೂತಿಗೆ ಒತ್ತುತ್ತಿದ್ದರು.

"ಏನ್ರೀ ಇದು! ಡಾಕ್ಟ್ರು ಏನಂದ್ರು?"

"ಡಾಕ್ಟ್ರು ಹೇಳಿದ್ದಕ್ಕೇ ಮಾಡ್ತಿರೋದು. ಮುಚ್ಚಿದ್ರೆ ಮತ್ತೆ ಬರುತ್ತೆ ಅಂದ್ರಲ್ಲ."

"ನಿಮಗೇನು ಹುಚ್ಚಾ? ಹೋಗ್ಲಿ ಬಿಡಿ ಆ ಸೇವೆ. ಸ್ಕೂಲಲ್ಲಿ ಅಡುಗೆ ಮಾಡಿ, ಮದುವೆ ಮನೇಲಿ ಮಾಡಿ."

ಇವರು ಕನ್ನಡಿ ಕೆಳಗಿಟ್ಟರು. "ನಾನು ಎಲ್ಲಾದ್ರೂ ಸೌಟು ಆಡಿಸ್ತೀನಿ ಕಣೇ. ಸೇವೆ ಹೋದ್ರೆ ನಿನ್ನ ಮೊರಾನೂ ಹೋಗುತ್ತೆ. ನಿಂಗೆ ಅದು ಬಿಟ್ರೆ ಇನ್ನೇನಿದೆ ಅಲ್ಲಿ?"

ನಮಗೆ ಮಕ್ಕಳಿರಲಿಲ್ಲ. ಈ ಮನುಷ್ಯ ಇಪ್ಪತ್ತೇಳು ವರ್ಷದಲ್ಲಿ ನನಗೆ ಒಂದು ಒಳ್ಳೆಯ ಮಾತು ಹೇಳಿದ ನೆನಪಿರಲಿಲ್ಲ. ನಾನು ಮೂಲೆಯಲ್ಲಿ ಕೂತು ಅತ್ತೆ. ಮೇಣ ಕೀಳಬೇಕಾಗಿತ್ತು. ಕೀಳಲಿಲ್ಲ. ನನಗೂ ಮೊರ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ?

ಶನಿವಾರ ಬೆಳಿಗ್ಗೆ ಇವರ ಎಡಗೆನ್ನೆ ಕಡುಬಿನಂತೆ ಊದಿತ್ತು. ಮೈ ಸುಡುತ್ತಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ಆದರೂ ಮಿಂದು, ಮಡಿಯುಟ್ಟು, ನಾಲ್ಕು ಕೊಪ್ಪರಿಗೆ ಪುಳಿಯೋಗರೆ ಮಾಡಿದರು. ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಗಿನವರು ಒಳಗೆ ನುಗ್ಗುತ್ತಿದ್ದರು, ಒಳಗಿನವರು ಗೋಡೆಗೆ ಅಂಟಿಕೊಂಡಿದ್ದರು. ಇವರು ಉಸಿರಿಗೆ ಬಾಯಿ ತೆರೆಯುತ್ತಾ ಮಧ್ಯೆ ನಿಂತಿದ್ದರು. ಊದಿದ ಕೆನ್ನೆ ನೋಡಿ ಜವರಣ್ಣ, "ಸ್ವಾಮಿ ಒಂದ್ಕಡೆ ದವಡ್ಯಾಗೇ ಕುಂತವ್ನೆ!" ಅಂತ ಕೂಗಿದ. ಜನ ಗೋವಿಂದ ಅಂದರು. ಇವರು ತುತ್ತು ಎತ್ತಿದರು. ಅನ್ನ ನೆಲಕ್ಕೆ ಉದುರಿತು. ಮತ್ತೆ ಎತ್ತಿದರು.

"ಬೇಡ!" ಅಂದೆ. ನನ್ನ ದನಿ ಆ ಮಂಟಪದಲ್ಲಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. "ಅದು ಭಕ್ತಿ ಅಲ್ಲ ಕಣ್ರೀ, ಹಲ್ಲು ನೋವು! ಅಕ್ಕೀಲಿ ಕಲ್ಲಿತ್ತು. ಆರಿಸಿದೋಳು ನಾನು. ನಂಗೆ ಕಣ್ಣು ಕಾಣ್ಸಲ್ಲ. ನನ್ನ ಮಾನ ಉಳ್ಸೋಕೆ ಅವರು ಕಲ್ಲನ್ನ ನುಂಗಿದ್ರು. ಈಗಾದ್ರೂ ದಾರಿ ಬಿಡಿ, ಅವರು ಸತ್ತೋಗ್ತಾರೆ!"

ಜವರಣ್ಣನೇ ಮೊದಲು ಜನರನ್ನು ಎರಡೂ ಕೈಯಿಂದ ತಳ್ಳಿ ದಾರಿ ಮಾಡಿದ. ಅವತ್ತೇ ಬಾಡಿಗೆ ಕಾರಿನಲ್ಲಿ ಅರಸೀಕೆರೆಗೆ ಹೋದೆವು. ಷಡಕ್ಷರಪ್ಪ ಮೇಣ ನೋಡಿ ಎರಡು ನಿಮಿಷ ಬೈದರು. ಆಮೇಲೆ ಹಲ್ಲನ್ನು ಕಿತ್ತರು. ಅಂಗಭಂಗದ ಮಾತು ನಾವಿಬ್ಬರೂ ಎತ್ತಲಿಲ್ಲ.

ಸೇವೆ ಗೋಪಾಲಸ್ವಾಮಿಗೆ ಹೋಯಿತು. ಅವನ ಹೆಂಡತಿ ಯದುಗಿರಿ ಬಂದು ನಮ್ಮ ಮನೆಯ ಗೋಡೆಗೆ ಒರಗಿಸಿದ್ದ ದೇವರ ಮೊರವನ್ನು ತೆಗೆದುಕೊಂಡು ಹೋದಳು. ಪಾಪ, ಅವಳು ನನ್ನ ಮುಖ ನೋಡಲಿಲ್ಲ.

ನಾಲ್ಕು ದಿನ ಕಳೆದ ಮೇಲೆ, ಬೆಳಗಾಗುತ್ತಿದ್ದ ಹಾಗೆ, ಹಿತ್ತಿಲ ಬಾಗಿಲಲ್ಲಿ ಗೋಪಾಲಸ್ವಾಮಿ ನಿಂತಿದ್ದ. ಪಂಚೆಯ ಮಡಿಲಲ್ಲಿ ಒಂದು ಗಂಟು. ಇವರು ಇನ್ನೂ ಮಲಗಿದ್ದರು.

"ಅತ್ತಿಗೇ, ಒಂದುಪಕಾರ ಆಗ್ಬೇಕು. ನಂಗೂ ಕಣ್ಣೀರು ಬರ್ತಿಲ್ಲ. ಜನ ಬೈಕೊಂಡು ಹೋಗ್ತಿದಾರೆ. ಭಾಷ್ಯಂ ಅವರು ಬೋರ್ಡು ಹಾಗೇ ಇರ್ಲಿ ಅಂತಾರೆ. ಅಕ್ಕೀಲಿ ಎರಡು ಕಲ್ಲು ಬಿಡೇ ಅಂದ್ರೆ ಯದುಗಿರಿ, ಆ ಪಾಪ ನಂಗ್ಬೇಡ ಅಂದು ಮೊರ ಎಸೆದ್ಲು. ನೀವು ಹ್ಯಾಗೂ..."

ಹೇಗೂ ಪಾಪ ಮಾಡಿದವಳು, ಇನ್ನೊಂದು ಸೇರಿದರೆ ಏನಾಗುತ್ತದೆ ಅನ್ನುವುದು ಅವನ ಲೆಕ್ಕ. ಕೆನ್ನೆಗೆ ಬಾರಿಸಿ ಅವನ ಹಲ್ಲನ್ನು ನಾನೇ ಉದುರಿಸೋಣ ಅನ್ನಿಸಿತು. ಆದರೆ ಗಂಟಿನಲ್ಲಿ ಅಕ್ಕಿ ಇತ್ತು.

"ಇಟ್ಟು ಹೋಗಪ್ಪ. ಒಂದು ಗಂಟೆ ಬಿಟ್ಟು ಬಾ" ಅಂದೆ.

ಮನೆಯ ಮೊರದಲ್ಲೇ ಸುರಿದುಕೊಂಡು, ಎಳೆಬಿಸಿಲು ಬಿದ್ದ ಕಟ್ಟೆಯ ಮೇಲೆ ಕೂತೆ. ಕಣ್ಣಿನಲ್ಲಿ ಆಗಲಿಲ್ಲ. ಬೆರಳಿನಲ್ಲಿ ಒಂದೊಂದೇ ಕಾಳನ್ನು ಸರಿಸಿದೆ. ಹನ್ನೆರಡು ಕಲ್ಲು ಸಿಕ್ಕವು. ಅವನೇ ಹಾಕಿ ತಂದದ್ದೋ ಏನೋ. ಹನ್ನೆರಡನ್ನೂ ಬಚ್ಚಲ ಮೋರಿಗೆ ಎಸೆದು, ಇನ್ನೆರಡು ಸಲ ಬೆರಳಾಡಿಸಿ, ಗಂಟು ಕಟ್ಟಿ ಕೊಟ್ಟೆ. ಅವನು ಸಂತೋಷದಿಂದ ಕೆನ್ನೆ ಸವರಿಕೊಳ್ಳುತ್ತಾ ಹೋದ.

ಆ ದಿನ ಇವರು ಗುಡಿಗೆ ಹೋಗೋಣ ಅಂದರು. ಹುಟ್ಟಿದಾಗಿನಿಂದ ಆ ಸಾಲಿನಲ್ಲಿ ನಿಂತವರಲ್ಲ. ಎಲ್ಲರ ಕೊನೆಗೆ, ಜವರಣ್ಣನ ಹಿಂದೆ ನಿಂತರು. ಅಲ್ಲಿ ಗೋಪಾಲಸ್ವಾಮಿ ಮೊದಲ ತುತ್ತನ್ನು ಎಡಕ್ಕೆ ಅಗಿದ, ಬಲಕ್ಕೆ ಅಗಿದ, ಬಹಳ ಹೊತ್ತು ಅಗಿದ. ಮತ್ತೆ ಮತ್ತೆ ನನ್ನ ಕಡೆ ನೋಡಿದ. ಕೊನೆಗೆ "ಸ್ವಾಮಿ ಒಪ್ಪಿದ್ದಾನೆ" ಅಂತ ಸಣ್ಣ ದನಿಯಲ್ಲಿ ಅಂದ. ಅರ್ಧ ಜನ ಸಾಲು ಬಿಟ್ಟು ಬಸ್ಸಿಗೆ ಓಡಿದರು.

ಇವರು ಅಂಗೈಯಲ್ಲಿ ಪ್ರಸಾದ ತೆಗೆದುಕೊಂಡು ಬಂದು ನನ್ನ ಪಕ್ಕ ಕಂಬಕ್ಕೆ ಒರಗಿದರು. ಉಳಿದ ಹಲ್ಲುಗಳಲ್ಲಿ ನಿಧಾನವಾಗಿ ಅಗಿದರು. ಅಗಿಯುತ್ತಾ ತಿರುಗಿ ನನ್ನ ಬೆರಳುಗಳನ್ನು ನೋಡಿದರು. ಉಗುರಿನ ಸಂದಿಯಲ್ಲಿ ಅಕ್ಕಿಯ ಬಿಳಿ ಹುಡಿ ಇನ್ನೂ ಇತ್ತು.

"ಇದು ನೀನು ಆರಿಸಿದ ಅಕ್ಕಿ ಅಲ್ವೇನೇ?"

ಹೌದೆಂದು ತಲೆಯಾಡಿಸಿದೆ.

"ಅಕ್ಕಿ ಬಂಗಾರದ ಹಾಗಿದೆ" ಅಂದರು. "ಅವನಿಗೆ ಬೇಯಿಸೋಕೆ ಬರಲ್ಲ, ಅಷ್ಟೆ."